ವಿಜ್ಞಾನದಿಂದ ಪ್ರೇರಿತವಾದ ಅಮೂರ್ತ ಚಿತ್ರ: ಪ್ರೇರಣೆಯನ್ನು ಚಿತ್ರದಲ್ಲೇ ತೋರಿಸಲು ಸಾಧ್ಯವೇ?

ನೀಲಿಗೆರೆ:
ಕಲಾ ಪ್ರದರ್ಶನಗಳ ಪರಿಚಯಪತ್ರಗಳಲ್ಲಿ ‘ಕ್ವಾಂಟಂ ಜಗತ್ತಿನಿಂದ ಪ್ರೇರಿತ’, ‘ಜೀವಕೋಶಗಳ ಲಯ’, ‘ನಿಹಾರಿಕೆಗಳ ಮೌನ’ ಎಂಬಂಥ ಸಾಲುಗಳು ಈಗ ಎಷ್ಟು ಸಲೀಸಾಗಿ ಬರುತ್ತವೆಯೆಂದರೆ, ಅವನ್ನು ಓದಿದ ಮೇಲೂ ಎದುರಿಗಿರುವ ಚಿತ್ರದ ಬಗ್ಗೆ ನೋಡುಗನಿಗೆ ಹೊಸದೇನೂ ತಿಳಿದಿರುವುದಿಲ್ಲ. ಗುಂಡಗಿನ ಆಕಾರ ಕಂಡರೆ ಜೀವಕೋಶ, ಚುಕ್ಕಿ ಎರಚಿದ್ದರೆ ಆಕಾಶಗಂಗೆ, ಗೆರೆಗಳು ಅಡ್ಡಾದಿಡ್ಡಿಯಾಗಿ ಹರಿದಿದ್ದರೆ ನರಮಂಡಲ ಎಂದು ಹೆಸರಿಟ್ಟರೆ ವಿಜ್ಞಾನದ ಋಣ ತೀರಿಹೋಗುತ್ತದೆ. ನಾನು ಇಂಥ ಚಿತ್ರಗಳ ಮುಂದೆ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಆ ವಿಜ್ಞಾನ ಇಲ್ಲದಿದ್ದರೆ ಈ ಚಿತ್ರದಲ್ಲಿ ಏನು ಬೇರೆಯಾಗಿರುತ್ತಿತ್ತು?

ಉದಾಹರಣೆಗೆ ಅಮೂರ್ತ ಚಿತ್ರಕಲೆಯ ಮೊದಲಿಗರಲ್ಲಿ ಒಬ್ಬನಾದ ರಷ್ಯದ ಚಿತ್ರಕಾರ ವಾಸಿಲಿ ಕಾಂಡಿನ್‌ಸ್ಕಿಯನ್ನೇ ತೆಗೆದುಕೊಳ್ಳೋಣ. 1913ರಲ್ಲಿ ಪ್ರಕಟವಾದ ತನ್ನ ನೆನಪುಗಳಲ್ಲಿ ಆತ, ಪರಮಾಣುವನ್ನು ಒಡೆಯಬಹುದೆಂಬ ಸುದ್ದಿ ತನ್ನ ಪಾಲಿಗೆ ಇಡೀ ಜಗತ್ತೇ ಕುಸಿದಂತಿತ್ತೆಂದೂ, ಕಣ್ಣೆದುರಿಗೆ ಕಲ್ಲೊಂದು ಗಾಳಿಯಲ್ಲಿ ಕರಗಿ ಮಾಯವಾಗಿದ್ದರೂ ತನಗೆ ಆಶ್ಚರ್ಯವಾಗುತ್ತಿರಲಿಲ್ಲವೆಂದೂ ಬರೆದಿದ್ದಾನೆ. ಕ್ಷ-ಕಿರಣ 1895ರಲ್ಲಿ, ವಿಕಿರಣಶೀಲತೆ 1896ರಲ್ಲಿ, ಎಲೆಕ್ಟ್ರಾನ್ 1897ರಲ್ಲಿ ಬೆಳಕಿಗೆ ಬಂದವು. ಗಟ್ಟಿ ವಸ್ತುವಿನ ಮೇಲಿನ ನಂಬಿಕೆ ಸಡಿಲಗೊಳ್ಳಲು ಆ ಮೂರೇ ವರ್ಷಗಳು ಸಾಕಾಗಿದ್ದವು. ಆದರೆ 1913ರ ಅವನ ‘ಏಳನೆಯ ಸಂಯೋಜನೆ’ಯಲ್ಲಿ ಪರಮಾಣುವನ್ನು ಎಲ್ಲಿ ಹುಡುಕುವುದು? ವಸ್ತುವನ್ನು ಬಿಟ್ಟುಬಿಡಲು ವಿಜ್ಞಾನ ಅವನಿಗೆ ಧೈರ್ಯ ಕೊಟ್ಟಿತು ಎಂಬುದನ್ನು ಒಪ್ಪುತ್ತೇನೆ. ಬಣ್ಣವನ್ನು ಎಲ್ಲಿಡಬೇಕು, ಗೆರೆಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅದು ಹೇಳಿಕೊಟ್ಟಿತೆಂದು ನನಗೆ ಅನ್ನಿಸುವುದಿಲ್ಲ. ಈ ವೇದಿಕೆಯಲ್ಲಿ ವಿಜ್ಞಾನ ಬಲ್ಲವರೂ ಕುಂಚ ಹಿಡಿದವರೂ ಇದ್ದೀರಿ. ನಿಮ್ಮ ಅಭಿಪ್ರಾಯಗಳಿಗೆ ಕಾಯುತ್ತೇನೆ.

ಕೋಶಭಿತ್ತಿ:
ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನಾಗಿ ಒಂದು ಸೇರ್ಪಡೆ. ತಾವು 1913ಕ್ಕೇ ನಿಂತುಬಿಟ್ಟಿದ್ದೀರಿ. ಕಾಂಡಿನ್‌ಸ್ಕಿ ಜರ್ಮನಿಯ ಬೌಹೌಸ್ ಕಲಾ-ವಿನ್ಯಾಸ ಶಾಲೆಯಲ್ಲಿ ಕಲಿಸುತ್ತಿದ್ದ ಕಾಲದಲ್ಲಿ, 1926ರಲ್ಲಿ ಬಂದ ಬಿಂದು ಮತ್ತು ರೇಖೆಗಳ ಕುರಿತಾದ ಅವನ ಪುಸ್ತಕದಲ್ಲಿ ನಕ್ಷತ್ರಪುಂಜದ ಚಿತ್ರವೂ ಇದೆ, ಸಾವಿರ ಪಟ್ಟು ಹಿಗ್ಗಿಸಿದ ನೈಟ್ರೈಟ್‌ನ ಚಿತ್ರವೂ ಇದೆ. ನಾಜಿಗಳ ಒತ್ತಡದಲ್ಲಿ 1933ರಲ್ಲಿ ಆ ಶಾಲೆ ಮುಚ್ಚಿ, ಆತ ಪ್ಯಾರಿಸ್ ಪಕ್ಕದ ನ್ಯೂಯಿಗೆ ಹೋದ ಮೇಲಿನ ಚಿತ್ರಗಳಲ್ಲಂತೂ ಭ್ರೂಣಗಳು, ಲಾರ್ವಾಗಳು, ಸೂಕ್ಷ್ಮಜೀವಿಗಳು ನೇರವಾಗಿಯೇ ಬಂದು ನೆಲೆಸಿದವು. ಅವುಗಳಲ್ಲಿ ಹಲವು ಆಕಾರಗಳ ಮೂಲವನ್ನು ಕಲಾ ಇತಿಹಾಸಕಾರ್ತಿ ವಿವಿಯನ್ ಬಾರ್ನೆಟ್ ಅಂದಿನ ವಿಶ್ವಕೋಶಗಳ ಜೀವಶಾಸ್ತ್ರ ಚಿತ್ರಗಳಲ್ಲಿ ಗುರುತಿಸಿದ್ದಾರೆ. 1940ರ ‘ಆಕಾಶ ನೀಲಿ’ಯನ್ನು ನೋಡಿದರೆ, ತಿಳಿನೀಲಿ ಹಿನ್ನೆಲೆಯಲ್ಲಿ ಹೆಸರಿಲ್ಲದ ಪುಟ್ಟ ಪ್ರಾಣಿಗಳು ಮೇಲು ಕೆಳಗೆಂಬ ಗೊಡವೆಯಿಲ್ಲದೆ ತೇಲುತ್ತಿವೆ.

ತಮ್ಮ ಪ್ರಶ್ನೆಯನ್ನು ಇಲ್ಲಿ ಕೇಳಿದರೆ ಉತ್ತರ ಸಿಗುತ್ತದೆ. ಭ್ರೂಣಶಾಸ್ತ್ರದ ಆ ಪುಟಗಳು ಇಲ್ಲದಿದ್ದರೆ ಈ ಆಕಾರಗಳು ಹೀಗಿರುತ್ತಿರಲಿಲ್ಲ. ಆದರೂ ನನಗೆ ಪೂರ್ತಿ ತೃಪ್ತಿಯಿಲ್ಲ. ಬ್ಯಾಕ್ಟೀರಿಯಾದ ಗಾತ್ರಕ್ಕೆ ಇಳಿದ ಜೀವಿಗೆ ನೀರು ನಮಗಿರುವಂತೆ ತೆಳುವಾಗಿರುವುದಿಲ್ಲ; ಈಜಲು ಬಳಸುವ ಬಾಲದಂಥ ಕಶಾಂಗ ನಿಂತ ಕ್ಷಣವೇ ಜೀವಿಯೂ ನಿಲ್ಲುತ್ತದೆ, ಪರಮಾಣುವೊಂದರ ಅಗಲದಷ್ಟು ದೂರವೂ ಅದು ಜಾರಿಕೊಂಡು ಹೋಗುವುದಿಲ್ಲ. ಇದನ್ನು ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ ವಿವರಿಸಿದ್ದು 1977ರಲ್ಲಿ, ಆದ್ದರಿಂದ ಕಾಂಡಿನ್‌ಸ್ಕಿಗೆ ಗೊತ್ತಿರಲಿಲ್ಲವೆಂದು ದೂರುವಂತಿಲ್ಲ. ಆದರೆ ಆತ ತೆಗೆದುಕೊಂಡದ್ದು ಆಕಾರವನ್ನು ಮಾತ್ರ, ಆ ಆಕಾರ ಬದುಕುವ ಪರಿಸರವನ್ನಲ್ಲ. ಅವನ ಪ್ರಾಣಿಗಳು ಗಾಳಿಪಟಗಳಂತೆ ಹಗುರಾಗಿವೆ.

ಹಳೆಕುಂಚ:
ಕೋಶಭಿತ್ತಿ ಸರ್, ಚಿತ್ರಕಾರನಿಂದ ನೀವು ಪ್ರಯೋಗಶಾಲೆಯ ವರದಿಯನ್ನು ನಿರೀಕ್ಷಿಸುತ್ತಿರುವಂತಿದೆ. ನಾಲ್ಕು ದಶಕಗಳಿಂದ ಬಣ್ಣದ ಜೊತೆಗಿರುವ ನನಗೆ, ಹಗುರವಾಗಿ ತೇಲುವ ಆಕಾರವನ್ನು ಹಗುರವಾಗಿಯೇ ತೇಲಿಸುವುದು ಎಷ್ಟು ಕಷ್ಟವೆಂಬುದು ಗೊತ್ತು. ಹಿನ್ನೆಲೆಯ ನೀಲಿ ಸ್ವಲ್ಪ ಗಾಢವಾದರೂ ಆ ಪ್ರಾಣಿಗಳೆಲ್ಲ ಕಡಲೊಳಗೆ ಮುಳುಗಿಬಿಡುತ್ತಿದ್ದವು. ಎರಡನೆಯದಾಗಿ, ವಿಜ್ಞಾನದ ಚಿತ್ರಗಳೆಂದು ನೀವು ಯಾವುದನ್ನು ಮೂಲವೆನ್ನುತ್ತೀರೋ ಅವು ಎಷ್ಟರ ಮಟ್ಟಿಗೆ ಮೂಲ? ಜರ್ಮನ್ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್‌ನ ‘ಪ್ರಕೃತಿಯ ಕಲಾರೂಪಗಳು’ 1899ರಿಂದ 1904ರವರೆಗೆ ನೂರು ಫಲಕಗಳಾಗಿ ಬಂದಾಗ ಯೂರೋಪಿನ ವಿನ್ಯಾಸಕಾರರು ಅದರ ಮೇಲೆ ಮುಗಿಬಿದ್ದರು. 1900ರ ಪ್ಯಾರಿಸ್ ಪ್ರದರ್ಶನದ ಮಹಾದ್ವಾರವನ್ನು ವಾಸ್ತುಶಿಲ್ಪಿ ರೆನೆ ಬಿನೆ ರಚಿಸಿದ್ದು ಹೆಕೆಲ್ ಚಿತ್ರಿಸಿದ ರೇಡಿಯೊಲೇರಿಯಾ ಎಂಬ ಏಕಕೋಶದ ಕಡಲಜೀವಿಗಳ ಅಸ್ಥಿಪಂಜರವನ್ನು ನೋಡಿಯೇ. ಆ ಫಲಕಗಳಲ್ಲಿ ಒಂದು ಮುಳ್ಳೂ ಮುರಿದಿಲ್ಲ, ಒಂದು ರಂಧ್ರವೂ ಸೊಟ್ಟಗಿಲ್ಲ. ಅಷ್ಟು ಅಚ್ಚುಕಟ್ಟು ಸಮುದ್ರದಿಂದ ಬಂದದ್ದಲ್ಲ, ಹೆಕೆಲ್‌ನ ಕೈಯಿಂದ ಬಂದದ್ದು.

ಕೋಶಭಿತ್ತಿ:
ಇದನ್ನು ಅಲ್ಲಗಳೆಯಲಾರೆ. ಚಾಲೆಂಜರ್ ಎಂಬ ಬ್ರಿಟಿಷ್ ಸಂಶೋಧನಾ ಹಡಗು 1872ರಿಂದ 1876ರವರೆಗೆ ಸಾಗರಗಳ ತಳದಿಂದ ಎತ್ತಿ ತಂದ ಮಾದರಿಗಳಿಂದ ಮೂರು ಸಾವಿರಕ್ಕೂ ಹೆಚ್ಚು ಹೊಸ ರೇಡಿಯೊಲೇರಿಯಾ ಪ್ರಭೇದಗಳನ್ನು ವಿವರಿಸಿದ ಮನುಷ್ಯನ ಕಣ್ಣು ಸಾಮಾನ್ಯವಾದದ್ದಲ್ಲ. ಆದರೆ ಸಮ್ಮಿತಿಯ ಮೇಲಿನ ಅವನ ಮೋಹ ಎಲ್ಲರಿಗೂ ಗೊತ್ತಿದೆ, ಭ್ರೂಣಗಳ ಚಿತ್ರಗಳನ್ನು ತನ್ನ ವಾದಕ್ಕೆ ಒಗ್ಗಿಸಿಕೊಂಡನೆಂಬ ಆರೋಪವನ್ನು ಅವನ ಸಮಕಾಲೀನರೇ ಮಾಡಿದ್ದರು. ಪಠ್ಯಪುಸ್ತಕದ ಯಾವ ಚಿತ್ರವೂ ಕಂಡದ್ದೆಲ್ಲವನ್ನೂ ಬರೆಯುವುದಿಲ್ಲ. ನಮ್ಮ ವಿದ್ಯಾರ್ಥಿಗಳು ಈರುಳ್ಳಿ ಸಿಪ್ಪೆಯ ಕೋಶವನ್ನು ಬರೆಯುವಾಗಲೂ ಸ್ಲೈಡಿನ ಮೇಲಿನ ಗಾಳಿಗುಳ್ಳೆಯನ್ನು ಬಿಟ್ಟೇ ಬರೆಯುತ್ತಾರೆ.

ತುಂಗಾತೀರ:
ಇಷ್ಟು ಹೊತ್ತಾದರೂ ಚಿತ್ರಕಲಾವಿದೆ ಹಿಲ್ಮಾ ಆಫ್ ಕ್ಲಿಂಟ್ ಅವರ ಹೆಸರು ಬರಲಿಲ್ಲವೆಂಬುದೇ ನನಗೆ ಅಚ್ಚರಿ. 1862ರಲ್ಲಿ ಸ್ವೀಡನ್ನಿನ ನೌಕಾಧಿಕಾರಿಗಳ ಮನೆತನದಲ್ಲಿ ಹುಟ್ಟಿದವರು. ಆ ಮನೆತನದಲ್ಲಿ ಸಮುದ್ರದ ನಕ್ಷೆ ತಯಾರಿಸುವ ಪರಂಪರೆಯೇ ಇತ್ತು. ಸ್ಟಾಕ್‌ಹೋಮಿನ ಕಲಾ ಅಕಾಡೆಮಿಯಲ್ಲಿ 1882ರಿಂದ 1887ರವರೆಗೆ ಕ್ರಮಬದ್ಧವಾಗಿ ಕಲಿತು, ಸಸ್ಯಗಳ ಚಿತ್ರ ಬರೆದು, 1900ರ ಸುಮಾರಿಗೆ ಪಶುವೈದ್ಯ ಸಂಸ್ಥೆಯೊಂದಕ್ಕೆ ಕುದುರೆಗಳ ಶಸ್ತ್ರಚಿಕಿತ್ಸೆಯ ಚಿತ್ರಗಳನ್ನು ಬರೆದುಕೊಟ್ಟವರು. ಅದೇ ಕೈ 1907ರ ಕೊನೆಯ ತಿಂಗಳುಗಳಲ್ಲಿ, ಮೂರು ಮೀಟರಿಗೂ ಎತ್ತರದ ಹತ್ತು ಅಮೂರ್ತ ಚಿತ್ರಗಳನ್ನು ಸುಮಾರು ಎರಡು ತಿಂಗಳಲ್ಲಿ ಮುಗಿಸಿತು. ಸುರುಳಿ, ದಳ, ಬೀಜ, ಕುಡಿಬಳ್ಳಿ ಇವುಗಳೇ ಅಲ್ಲಿ ಬಾಲ್ಯದಿಂದ ಮುಪ್ಪಿನವರೆಗಿನ ಮನುಷ್ಯನ ವಯಸ್ಸುಗಳನ್ನು ಹೇಳುತ್ತವೆ. 1908ರ ಒಂದು ಸರಣಿಗೆ ಅವರು ಕೊಟ್ಟ ಹೆಸರೇ ‘ವಿಕಾಸ’. 1917ರ ಇನ್ನೊಂದಕ್ಕೆ ‘ಪರಮಾಣು’.

ನೀಲಿಗೆರೆಯವರ ಪ್ರಶ್ನೆಗೆ ಇವರಷ್ಟು ನೇರವಾಗಿ ಉತ್ತರ ಕೊಡುವವರು ಬೇರೊಬ್ಬರಿಲ್ಲವೆಂದು ನನ್ನ ಅನಿಸಿಕೆ. ಏಕೆಂದರೆ 1919 ಮತ್ತು 1920ರಲ್ಲಿ ಅವರು ಬರೆದ 46 ಹಾಳೆಗಳ ಸಸ್ಯಸಂಪುಟದಲ್ಲಿ ಪ್ರತಿಯೊಂದು ಹೂವಿನ ಪಕ್ಕದಲ್ಲೂ ಒಂದು ಪುಟ್ಟ ಜ್ಯಾಮಿತೀಯ ಆಕೃತಿಯಿದೆ. ಹೂವಿನ ಚಿತ್ರ ಸಸ್ಯಶಾಸ್ತ್ರಜ್ಞನೂ ಒಪ್ಪುವಷ್ಟು ನಿಖರವಾಗಿದೆ. ಆಕೃತಿಯಾದರೋ ಆ ಸಸ್ಯಕ್ಕೆ ಹೊಂದುವ ಒಂದು ಮನೋಧರ್ಮವನ್ನು ಸೂಚಿಸುತ್ತದೆ. ಮೂಲವೂ ಅಮೂರ್ತವೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕದಲ್ಲಿರುವುದರಿಂದ, ಕಲಾವಿದೆ ಏನನ್ನು ಇಟ್ಟುಕೊಂಡರು, ಏನನ್ನು ಬಿಟ್ಟರು ಎಂಬುದನ್ನು ನಾವೇ ಕಣ್ಣಾರೆ ನೋಡಬಹುದು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಈ ಸಂಪುಟವನ್ನು 2025ರಲ್ಲಿ ಪ್ರದರ್ಶಿಸಿತು.

ನೀಲಿಗೆರೆ:
ತುಂಗಾತೀರ ಅವರೇ, ಆ ಹಾಳೆಗಳ ಮಾತು ನನಗೂ ಒಪ್ಪಿಗೆ. ಆದರೆ ಒಂದು ತಕರಾರಿದೆ. ಹಿಲ್ಮಾ ಅವರು ಗೆಳತಿಯರೊಂದಿಗೆ 1896ರಲ್ಲಿ ‘ಐವರು’ ಎಂಬ ಗುಂಪು ಕಟ್ಟಿಕೊಂಡು ಪ್ರೇತಾವಾಹನದ ಬೈಠಕ್ಕುಗಳನ್ನು ನಡೆಸಿದವರು. ತಾವು ಕಲ್ಪಿಸಿಕೊಂಡ ದೇವಾಲಯವೊಂದಕ್ಕೆಂದು ಬರೆದ 193 ಚಿತ್ರಗಳಿಗೆ ಅದೃಶ್ಯ ಗುರುಗಳ ಆದೇಶವೇ ಕಾರಣವೆಂದು ತಾವೇ ಬರೆದಿಟ್ಟವರು. ನೀಲಿ ಹೆಣ್ಣು, ಹಳದಿ ಗಂಡು ಎಂಬ ಸಂಕೇತವನ್ನು ಯಾವ ಸಸ್ಯಶಾಸ್ತ್ರವೂ ಹೇಳುವುದಿಲ್ಲ. ಇದನ್ನು ವಿಜ್ಞಾನದ ಪ್ರೇರಣೆಯೆಂದು ಕರೆದರೆ ಪರಿಚಯಪತ್ರ ಬರೆಯುವವರಿಗೂ ನಮಗೂ ವ್ಯತ್ಯಾಸವೇನು ಉಳಿಯಿತು?

ತುಂಗಾತೀರ:
ಆ ಕಾಲದಲ್ಲಿ ಈ ಎರಡರ ನಡುವೆ ಇಂದಿನಂತೆ ಗೋಡೆಯಿರಲಿಲ್ಲ. ಕಾಣದ ಲೋಕಗಳ ಜ್ಞಾನವನ್ನು ಅರಸಿದ ಥಿಯೊಸಾಫಿಕಲ್ ಸೊಸೈಟಿಯ ಕೇಂದ್ರ ಚೆನ್ನೈನ ಅಡ್ಯಾರಿನಲ್ಲಿಯೇ ಇದೆಯೆಂಬುದು ನಮಗೆ ಗೊತ್ತಿರುವ ವಿಷಯ. ಅಲ್ಲಿನ ಆನಿ ಬೆಸೆಂಟ್ ಮತ್ತು ಲೆಡ್‌ಬೀಟರ್ ಅವರು 1905ರಲ್ಲಿ ಭಾವನೆಗಳಿಗೆ ಬಣ್ಣ ಮತ್ತು ಆಕಾರಗಳಿವೆಯೆಂದು ಚಿತ್ರಸಹಿತ ಪುಸ್ತಕ ತಂದರು, 1908ರಲ್ಲಿ ದಿವ್ಯದೃಷ್ಟಿಯಿಂದ ಪರಮಾಣುವನ್ನೇ ಕಂಡೆವೆಂದು ಇನ್ನೊಂದನ್ನು ತಂದರು. ಮೊದಲನೆಯದು ಕಾಂಡಿನ್‌ಸ್ಕಿಯ ಬಳಿಯೂ ಇತ್ತು. ವಿಜ್ಞಾನವೆಂದು ಅದನ್ನು ನಾನು ಒಪ್ಪುವುದಿಲ್ಲ. ಆದರೆ ಕಣ್ಣಿಗೆ ಕಾಣದ ಕಿರಣ ಮೈಯೊಳಗಿನ ಮೂಳೆಯನ್ನು ತೋರಿಸಬಹುದಾದರೆ ಕಾಣದ ಇನ್ನೂ ಏನೇನಿರಬಹುದು ಎಂಬ ಕುತೂಹಲ ಪ್ರಯೋಗಶಾಲೆಯಲ್ಲೂ ಬೈಠಕ್ಕಿನ ಕೋಣೆಯಲ್ಲೂ ಒಂದೇ ಆಗಿತ್ತು. ಹಿಲ್ಮಾ ಅವರ ನಂಬಿಕೆ ಏನೇ ಇರಲಿ, ಅವರ ಶಿಸ್ತು ವೈಜ್ಞಾನಿಕ ಚಿತ್ರಕಾರರದು. ಮೊದಲು ಗಿಡವನ್ನು ಅದರ ಲ್ಯಾಟಿನ್ ಹೆಸರಿನೊಂದಿಗೆ ಸರಿಯಾಗಿ ಬರೆ, ಆಮೇಲೆ ಆಕೃತಿಗೆ ಹೋಗು ಎಂಬ ಕ್ರಮವನ್ನು ಯಾವ ಪ್ರೇತವೂ ಹೇಳಿಕೊಟ್ಟಿರಲಾರದು.

ಇನ್ನೊಂದು ಮಾತು: ತಾವು ಸತ್ತು ಇಪ್ಪತ್ತು ವರ್ಷ ಕಳೆಯುವವರೆಗೆ ಈ ಚಿತ್ರಗಳನ್ನು ತೋರಿಸಬಾರದೆಂದು ಅವರು ಬಯಸಿದ್ದರು. 1944ರಲ್ಲಿ ತೀರಿಕೊಂಡ ಅವರ ಕೃತಿಗಳು ದೊಡ್ಡ ಪ್ರದರ್ಶನವೊಂದಕ್ಕೆ ಬಂದದ್ದು 1986ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಹೆಸರಿಗಾಗಿ ಪರಿಚಯಪತ್ರ ಬರೆಸಿಕೊಂಡವರ ಸಾಲಿಗೆ ಅವರನ್ನು ಸೇರಿಸುವುದು ನ್ಯಾಯವಲ್ಲ.

ಸ್ನಿಗ್ಧದ್ರವ:
ದ್ರವಗಳ ಚಲನೆಯನ್ನು ಅಭ್ಯಾಸ ಮಾಡುವ ಎಂಜಿನಿಯರ್ ನಾನು. ಇಷ್ಟು ಹೊತ್ತೂ ಚಿತ್ರಕಾರ ವಿಜ್ಞಾನದ ಪುಸ್ತಕದಿಂದ ಏನನ್ನು ತೆಗೆದುಕೊಂಡ ಎಂಬುದನ್ನೇ ಚರ್ಚಿಸುತ್ತಿದ್ದೇವೆ. ಬಣ್ಣವೇ ಒಂದು ಭೌತಿಕ ವಸ್ತು, ಅದು ನಿಸರ್ಗದ ನಿಯಮಕ್ಕೆ ಒಳಪಟ್ಟು ಹರಿಯುತ್ತದೆ, ಒಡೆಯುತ್ತದೆ, ಒಣಗುತ್ತದೆ ಎಂಬ ಕಡೆಯಿಂದಲೂ ನೋಡಬಹುದಲ್ಲವೇ?

ಮೆಕ್ಸಿಕೋದ ಚಿತ್ರಕಾರ ಡೇವಿಡ್ ಅಲ್ಫಾರೋ ಸಿಕೇರೋಸ್ 1936ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಪ್ರಾಯೋಗಿಕ ಕಾರ್ಯಾಗಾರ ನಡೆಸಿದರು. ಕಾರುಗಳಿಗೆ ಹೊಡೆಯುವ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಣ್ಣವನ್ನು ಮಟ್ಟಸವಾದ ಹಲಗೆಯ ಮೇಲೆ ಒಂದು ಪದರ ಸುರಿದು, ಅದು ಒಣಗುವ ಮೊದಲೇ ಅದರ ಮೇಲೆ ಬೇರೆ ಬಣ್ಣದ ಇನ್ನೊಂದು ಪದರ ಸುರಿದರೆ, ಯಾರ ಕೈಯೂ ಸೋಕದೆ ಬಣ್ಣಗಳು ಒಂದರೊಳಗೊಂದು ನುಗ್ಗಿ ಕಣ್ಣು, ಸುಳಿ, ಜೀವಕೋಶಗಳಂಥ ಆಕೃತಿಗಳು ಮೂಡುತ್ತಿದ್ದವು. ಸಿಕೇರೋಸ್ ಅದನ್ನು ಆಕಸ್ಮಿಕ ಚಿತ್ರಣವೆಂದು ಕರೆದರು. ಅದೇ ವರ್ಷದ ಅವರ ‘ಸಾಮೂಹಿಕ ಆತ್ಮಹತ್ಯೆ’ ಎಂಬ ಚಿತ್ರದಲ್ಲಿ ಈ ತಂತ್ರವನ್ನು ಕಾಣಬಹುದು.

2015ರಲ್ಲಿ ಮೆಕ್ಸಿಕೋದ ಸಂಶೋಧಕಿ ಸಾಂದ್ರಾ ಸೆಟಿನಾ, ದ್ರವಶಾಸ್ತ್ರಜ್ಞ ರೊಬರ್ಟೊ ಸೆನಿಟ್ ಮತ್ತು ಸಂಗಡಿಗರು ಇದನ್ನು ಪ್ರಯೋಗಶಾಲೆಯಲ್ಲಿ ಮತ್ತೆ ಮಾಡಿ ನೋಡಿದರು. ಕಾರಣ ರ‍್ಯಾಲೇ–ಟೇಲರ್ ಅಸ್ಥಿರತೆ. ಹೆಚ್ಚು ಸಾಂದ್ರತೆಯ ದ್ರವ ಕಡಿಮೆ ಸಾಂದ್ರತೆಯ ದ್ರವದ ಮೇಲಿದ್ದರೆ ಗುರುತ್ವದಿಂದಾಗಿ ಮೇಲಿನದು ಕೆಳಗಿಳಿಯಲು ಹವಣಿಸುತ್ತದೆ. ಆದರೆ ಇಡೀ ಪದರ ಒಟ್ಟಿಗೆ ಇಳಿಯಲಾರದಾದ್ದರಿಂದ ಅಲ್ಲಲ್ಲಿ ಬೆರಳುಗಳಂತೆ ಇಳಿಯುತ್ತದೆ, ಕೆಳಗಿನದು ಅಲ್ಲಲ್ಲಿ ಉಕ್ಕಿ ಮೇಲೆ ಬರುತ್ತದೆ. ಬಿಳಿಗೆ ಬಳಸುವ ಟೈಟಾನಿಯಂ ಡೈಆಕ್ಸೈಡಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 4 ಗ್ರಾಂ, ಕಪ್ಪಿನ ಇಂಗಾಲದ್ದು ಸುಮಾರು 2 ಗ್ರಾಂ. ಹಾಗಾಗಿ ಕಪ್ಪಿನ ಮೇಲೆ ಬಿಳಿ ಸುರಿದರೆ ಆಕೃತಿ ಮೂಡುತ್ತದೆ, ಬಿಳಿಯ ಮೇಲೆ ಕಪ್ಪು ಸುರಿದರೆ ಸುಮ್ಮನೆ ಪದರವಾಗಿ ಉಳಿಯುತ್ತದೆ. ನೀಲಿಗೆರೆಯವರ ಪರೀಕ್ಷೆಗೆ ಇದಕ್ಕಿಂತ ಕಟ್ಟುನಿಟ್ಟಾದ ಉತ್ತರವಿಲ್ಲ: ಭೌತನಿಯಮ ಬೇರೆಯಿದ್ದಿದ್ದರೆ ಚಿತ್ರವೇ ಇರುತ್ತಿರಲಿಲ್ಲ.

ಹಳೆಕುಂಚ:
ಆ ಕಾರ್ಯಾಗಾರದಲ್ಲಿ ಅಮೆರಿಕದ ಯುವ ಚಿತ್ರಕಾರ ಜಾಕ್ಸನ್ ಪೊಲಾಕ್ ಕೂಡ ಇದ್ದ ಎಂಬುದನ್ನು ಸೇರಿಸಿ. ಮುಂದೆ ಆತ ನೆಲದ ಮೇಲೆ ಕ್ಯಾನ್ವಾಸ್ ಹಾಸಿ ಬಣ್ಣ ಸುರಿದದ್ದರ ಬೀಜ ಅಲ್ಲಿಯೂ ಇದೆ.

ಸ್ನಿಗ್ಧದ್ರವ:
ಹೌದು ಸರ್, ಆದರೆ ಪೊಲಾಕ್ ಮಾಡಿದ್ದು ಇದರ ವಿರುದ್ಧವಾದದ್ದನ್ನು. ಸಿಕೇರೋಸ್ ಅಸ್ಥಿರತೆಯನ್ನು ಕರೆತಂದರು, ಪೊಲಾಕ್ ಅದನ್ನು ದೂರವಿಟ್ಟ. ದೋಸೆಯ ಮೇಲೆ ಜೇನುತುಪ್ಪವನ್ನು ಎತ್ತರದಿಂದ ನಿಧಾನವಾಗಿ ಬಿಟ್ಟರೆ ಅದು ಸುರುಳಿ ಸುತ್ತಿಕೊಳ್ಳುತ್ತದೆಯಲ್ಲ, ಗಟ್ಟಿ ಬಣ್ಣವೂ ಹಾಗೆಯೇ ಸುತ್ತಬೇಕು. ಪೊಲಾಕನ ಗೆರೆಗಳಲ್ಲಿ ಅಂಥ ಸುರುಳಿ ವಿರಳ. ಆತ ಕೆಲಸ ಮಾಡುತ್ತಿರುವ ಹಳೆಯ ಚಲನಚಿತ್ರದಿಂದ ಕೈಯ ವೇಗ ಮತ್ತು ಎತ್ತರವನ್ನು ಅಳೆದ ಸೆನಿಟ್ ಅವರ ತಂಡ, ಸುರುಳಿಯಾಗದಂತೆ ತಡೆಯುವ ಮಿತಿಯೊಳಗೇ ಆತನ ಕೈ ಚಲಿಸುತ್ತಿತ್ತೆಂದು 2019ರಲ್ಲಿ ತೋರಿಸಿತು. ಸೂತ್ರ ಅವನಿಗೆ ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು.

ಕೋಶಭಿತ್ತಿ:
ಪೊಲಾಕನ ವಿಷಯ ಬಂದಾಗ ಫ್ರಾಕ್ಟಲ್, ಅಂದರೆ ಸಣ್ಣದರಲ್ಲೂ ದೊಡ್ಡದರಲ್ಲೂ ಮರುಕಳಿಸುವ ವಿನ್ಯಾಸದ ಮಾತು ಬಂದೇ ಬರುತ್ತದೆ. ಮರದ ಕೊಂಬೆ, ಕರಾವಳಿಯ ರೇಖೆಗಳಲ್ಲಿರುವ ಗುಣವೇ ಅವನ ಚಿತ್ರಗಳಲ್ಲೂ ಇದೆಯೆಂಬುದು ಸತ್ಯವೇ? ಹಾಗಿದ್ದರೆ ಅದಕ್ಕಿಂತ ದೊಡ್ಡ ನಿಸರ್ಗದ ಸಂಬಂಧ ಬೇರೆ ಬೇಕಿಲ್ಲ.

ಸ್ನಿಗ್ಧದ್ರವ:
ಭೌತವಿಜ್ಞಾನಿ ರಿಚರ್ಡ್ ಟೇಲರ್ ಮತ್ತು ಸಂಗಡಿಗರು 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಹಾಗೆ ಪ್ರತಿಪಾದಿಸಿದರು. 2006ರಲ್ಲಿ ಅದೇ ಪತ್ರಿಕೆಯಲ್ಲಿ ಕ್ಯಾಥರೀನ್ ಜೋನ್ಸ್-ಸ್ಮಿತ್ ಮತ್ತು ಹರ್ಷ ಮಾಥುರ್, ಅದೇ ಅಳತೆಗೋಲಿನಿಂದ ಅಳೆದರೆ ಮಕ್ಕಳು ಗೀಚಿದಂಥ ನಕ್ಷತ್ರಗಳ ಚಿತ್ರವೂ ಪೊಲಾಕನದೇ ಆಗಿಬಿಡುತ್ತದೆಂದು ತೋರಿಸಿದರು. ಫ್ರಾಕ್ಟಲ್ ಎನ್ನಬೇಕಾದರೆ ಒಂದೇ ವಿನ್ಯಾಸ ತೀರ ಸಣ್ಣದರಿಂದ ತೀರ ದೊಡ್ಡದರವರೆಗೆ ಮರುಕಳಿಸಬೇಕು. ಬಣ್ಣದ ಹನಿಯ ಗಾತ್ರಕ್ಕೂ ಕ್ಯಾನ್ವಾಸಿನ ಅಗಲಕ್ಕೂ ನಡುವೆ ಅಷ್ಟು ಅಂತರವಿಲ್ಲವೆಂಬುದು ಅವರ ಮುಖ್ಯ ಆಕ್ಷೇಪ. ಟೇಲರ್ ಅದನ್ನು ಒಪ್ಪಲಿಲ್ಲ. ನನ್ನ ಒಲವು ಆಕ್ಷೇಪ ಎತ್ತಿದವರ ಕಡೆಗಿದೆ, ಏಕೆಂದರೆ ಚಿತ್ರದ ಹೆಚ್ಚುಗಾರಿಕೆಯನ್ನು ಒಂದು ಸಂಖ್ಯೆಗೆ ಇಳಿಸಿದರೆ ಆ ಸಂಖ್ಯೆ ಕೆಟ್ಟ ಚಿತ್ರಕ್ಕೂ ದಕ್ಕುತ್ತದೆ.

ಅರಿಶಿನಗೆಂಪು:
ಬಣ್ಣದ ವಿಜ್ಞಾನವನ್ನೇ ಎಲ್ಲರೂ ಮರೆತಂತಿದೆ. ಪ್ಯಾರಿಸಿನ ಗೊಬೆಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥರಾಗಿದ್ದ ರಸಾಯನಶಾಸ್ತ್ರಜ್ಞ ಷೆವ್ರೆಲ್ ಅವರ ಬಳಿ, ಕಪ್ಪು ನೂಲು ಮಂಕಾಗಿದೆಯೆಂಬ ದೂರು ಬರುತ್ತಿತ್ತು. ಪರೀಕ್ಷಿಸಿದರೆ ಕಪ್ಪಿನಲ್ಲಿ ದೋಷವಿರಲಿಲ್ಲ. ಅದರ ಪಕ್ಕದಲ್ಲಿ ನೇಯ್ದ ನೀಲಿ ಮತ್ತು ನೇರಳೆ ನೂಲುಗಳು ಅದು ಕಣ್ಣಿಗೆ ಹಾಗೆ ಕಾಣುವಂತೆ ಮಾಡುತ್ತಿದ್ದವು. 1839ರಲ್ಲಿ ಅವರು ಬರೆದ ಗ್ರಂಥವನ್ನು ಮುಂದಿನ ಚಿತ್ರಕಾರರು ಬಿಡದೆ ಓದಿದರು. ಫ್ರೆಂಚ್ ಚಿತ್ರಕಾರ ರೊಬೇರ್ ದೆಲೊನೆಯ ಬಣ್ಣದ ಚಕ್ರಗಳ ಬೇರು ಅಲ್ಲಿದೆ, ಚೆಕ್ ಚಿತ್ರಕಾರ ಕುಪ್ಕಾ 1912ರಲ್ಲಿ ಬರೆದ ‘ನ್ಯೂಟನ್ನನ ಚಕ್ರಗಳು’ ಹೆಸರಿನಲ್ಲೇ ತನ್ನ ಸಾಲವನ್ನು ಹೇಳುತ್ತದೆ. ಇಲ್ಲಿ ವಿಜ್ಞಾನ ಚಿತ್ರದೊಳಗೆ ಇಲ್ಲ, ನೋಡುವವರ ಕಣ್ಣಿನೊಳಗೆ ಕೆಲಸ ಮಾಡುತ್ತದೆ. ಚಕ್ರದ ಒಂದು ಪಟ್ಟಿಯ ಬಣ್ಣ ಬದಲಿಸಿದರೆ ಪಕ್ಕದ ಪಟ್ಟಿಯೂ ಬದಲಾಗುತ್ತದೆ.

ಬೆಂಗಳೂರಿನಲ್ಲಿರುವವರಿಗೆ ಒಂದು ಸೂಚನೆ. ಸಿ. ವಿ. ರಾಮನ್ ಅವರು 1948ರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆಯಲ್ಲಿ ಅವರು ಕೂಡಿಟ್ಟ ಖನಿಜಗಳೂ ಚಿಟ್ಟೆಗಳೂ ಇವೆ. ಚಿಪ್ಪುಗಳ ಹೊಳಪಿನ ಬಗ್ಗೆ ಅವರು 1930ರ ದಶಕದಲ್ಲೇ ಪ್ರಬಂಧ ಬರೆದಿದ್ದರು. ಆ ಹೊಳಪು ಬಣ್ಣದ ಪುಡಿಯಿಂದ ಬಂದದ್ದಲ್ಲ, ತೆಳು ಪದರಗಳಲ್ಲಿ ಬೆಳಕಿನ ಅಲೆಗಳು ಒಂದಕ್ಕೊಂದು ಸೇರಿ ಮತ್ತು ಅಳಿದು ಬಂದದ್ದು. ಅದನ್ನು ಕ್ಯಾನ್ವಾಸಿಗೆ ತರುವುದು ಹೇಗೆ ಎಂಬುದು ನನಗೆ ಇನ್ನೂ ಬಿಡಿಸಲಾಗದ ಒಗಟು.

ಹಳೆಕುಂಚ:
ಅಭ್ರಕದ ಚೂರುಗಳ ಮೇಲೆ ಟೈಟಾನಿಯಂ ಡೈಆಕ್ಸೈಡಿನ ತೆಳು ಪದರ ಕೊಟ್ಟು ಮಾಡಿದ ‘ಪರ್ಲ್’ ಬಣ್ಣಗಳು ಅಂಗಡಿಯಲ್ಲಿ ಸಿಗುತ್ತವೆ ಮೇಡಂ. ಅವೂ ಅದೇ ತತ್ತ್ವದ ಮೇಲೆ ಹೊಳೆಯುತ್ತವೆ. ಕಪ್ಪು ತಳದ ಮೇಲೆ ತೆಳುವಾಗಿ ಹಚ್ಚಿ ನೋಡಿ, ಬಿಳಿ ತಳದ ಮೇಲೆ ಹಚ್ಚಿದರೆ ಹೊಳಪು ಸತ್ತಂತೆಯೇ. ಆದರೆ ನಾನು ಅದನ್ನು ಮಿತವಾಗಿ ಬಳಸುತ್ತೇನೆ. ಸ್ವಲ್ಪ ಹೆಚ್ಚಾದರೂ ಚಿತ್ರ ಮದುವೆಯ ಆಮಂತ್ರಣಪತ್ರದಂತೆ ಕಾಣತೊಡಗುತ್ತದೆ.

ನೀಲಿಗೆರೆ:
ನಾನು ಕೇಳಿದ ಪ್ರಶ್ನೆ ಈ ಚರ್ಚೆಯಲ್ಲಿ ಹರಿತವಾಯಿತು. ಸಿಕೇರೋಸ್ ಮತ್ತು ಷೆವ್ರೆಲ್‌ರ ಉದಾಹರಣೆಗಳಲ್ಲಿ ಪ್ರೇರಣೆಯೆಂಬ ಮಾತೇ ದುರ್ಬಲವೆನಿಸುತ್ತದೆ. ಅಲ್ಲಿ ನಿಯಮವೇ ಚಿತ್ರ ಬರೆಯುವುದರಲ್ಲಿ ಪಾಲುದಾರ. ಹಿಲ್ಮಾ ಅವರ ವಿಷಯದಲ್ಲಿ ನನ್ನ ತಕರಾರು ಪೂರ್ತಿ ಹೋಗಿಲ್ಲ, ಆದರೆ ಆ 46 ಹಾಳೆಗಳ ಮಟ್ಟಿಗೆ ತುಂಗಾತೀರ ಅವರ ವಾದ ಗಟ್ಟಿಯಾಗಿದೆ. ಹೀಗಾಗಿ ಪರಿಚಯಪತ್ರ ಬರೆಯುವವರಿಗೆ ನನ್ನದೊಂದು ಬೇಡಿಕೆ: ‘ಕ್ವಾಂಟಂ’ ಎಂದು ಬರೆಯುವ ಬದಲು ಕಲಾವಿದರು ಯಾವ ಚಿತ್ರವನ್ನು, ಯಾವ ಮಾದರಿಯನ್ನು, ಯಾವ ಬಣ್ಣದ ಯಾವ ಗುಣವನ್ನು ನೋಡಿ ಕೆಲಸಕ್ಕೆ ತೊಡಗಿದರೆಂಬುದನ್ನು ಎರಡು ವಾಕ್ಯದಲ್ಲಿ ಬರೆಯಲಿ.

ಅರಿಶಿನಗೆಂಪು:
ಸ್ನಿಗ್ಧದ್ರವ ಅವರೇ, ಸಿಕೇರೋಸ್ ವಿಧಾನವನ್ನು ಮನೆಯಲ್ಲಿ ಮಾಡಿ ನೋಡಬಹುದೇ?

ಸ್ನಿಗ್ಧದ್ರವ:
ಲ್ಯಾಕರ್ ಬೇಡ, ಅದರ ತಿನ್ನರ್ ಬೇಗ ಹೊತ್ತಿಕೊಳ್ಳುತ್ತದೆ, ಮುಚ್ಚಿದ ಕೋಣೆಯಲ್ಲಿ ಅದರ ಆವಿಯನ್ನು ಉಸಿರಾಡುವುದು ಅಪಾಯ. ಅಕ್ರಿಲಿಕ್ ಬಣ್ಣಕ್ಕೆ ನೀರು ಬೆರೆಸಿ, ಎರಡೂ ಬಣ್ಣಗಳು ಒಂದೇ ಹದದಲ್ಲಿ ಹರಿಯುವಂತೆ ಮಾಡಿಕೊಳ್ಳಿ. ಕೆಳಗೆ ಕಪ್ಪು, ಮೇಲೆ ಟೈಟಾನಿಯಂ ಬಿಳಿ. ಹಲಗೆ ಮಟ್ಟಸವಾಗಿರಲಿ, ಇಲ್ಲವಾದರೆ ಆಕೃತಿ ಮೂಡುವ ಮೊದಲೇ ಎಲ್ಲವೂ ಒಂದು ಕಡೆಗೆ ಹರಿದುಹೋಗುತ್ತದೆ. ಪದರ ತೀರ ತೆಳುವಾದರೆ ಬೆರಳುಗಳು ಬೆಳೆಯಲು ಸಮಯ ಸಿಗದೆ ಬಣ್ಣ ಒಣಗಿಬಿಡುತ್ತದೆ.

ಹಳೆಕುಂಚ:
ತೀರ ದಪ್ಪವಾದರೆ ಒಣಗುವಾಗ ಬಿರುಕು ಬಿಡುತ್ತದೆ. ಫ್ಯಾನ್ ಆರಿಸಿ, ಹಲಗೆಯನ್ನು ಬಿಸಿಲಿಗೆ ಇಡದೆ ನೆರಳಿನಲ್ಲಿ ಒಣಗಲು ಬಿಡಿ. ಆದ ಮೇಲೆ ಫೋಟೊ ಇಲ್ಲಿ ಹಾಕಿ, ಶೀರ್ಷಿಕೆಯಲ್ಲಿ ಬ್ರಹ್ಮಾಂಡ ಎಂದು ಮಾತ್ರ ಬರೆಯಬೇಡಿ.